ತಿರುಗುವ ಮರ, ಕಪ್ಪಾಗುವ ರಣಹದ್ದು

ಹೊಸದಾಗಿ ಕ್ಯಾಮೆರಾ ಕೊಂಡವರು ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಗೆ ಒಮ್ಮೆ ಹೋಗಬೇಕು. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಲೇತಿನಲ್ಲಿ ಆಲೆಮರದ ತುಂಡು ಗಿರಗಿರನೆ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 25 ಸುತ್ತಾಯಿತು. ಷಟರ್ ವೇಗ 1/25 ಸೆಕೆಂಡ್ ಇಟ್ಟರೆ ಅದು ತೆರೆದು ಮುಚ್ಚುವಷ್ಟರಲ್ಲಿ ಮರ ಪೂರ್ತಿ ಒಂದು ಸುತ್ತು ಬಂದಿರುತ್ತದೆ. ಅದರ ಮೇಲಿನ ಗೀರು, ಗಂಟು ಎಲ್ಲ ಕಲಸಿ ನುಣುಪು ಪಟ್ಟೆಯಾಗುತ್ತವೆ. 1/1000 ಇಟ್ಟರೆ ತಿರುಗುವುದು ಬರೀ 9 ಡಿಗ್ರಿ. ಮರ ನಿಂತೇಬಿಟ್ಟಂತೆ ಕಾಣುತ್ತದೆ. ನನಗೆ ಮೊದಲನೆಯದೇ ಇಷ್ಟ: ತಿರುಗುವ ಮರ ತಿರುಗುತ್ತಲೇ ಇರಲಿ. ಆದರೆ ಕ್ಯಾಮೆರಾ ಅಲುಗದಂತೆ ಮೊಣಕೈಯನ್ನು ಗೋಡೆಗೆ ಆನಿಸಿಕೊಳ್ಳಿ.

1/25ರಿಂದ 1/1000ಕ್ಕೆ ಹೋದರೆ ಒಳಬರುವ ಬೆಳಕು 40ರಲ್ಲಿ ಒಂದು ಪಾಲಾಗುತ್ತದೆ. ಅದನ್ನು ತುಂಬಲು ಇರುವ ದಾರಿ ಎರಡು. ಒಂದು, ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್ ಹಿಗ್ಗಿಸುವುದು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬುದು ಹೊಸಬರಿಗೆ ತಲೆಕೆಳಗೆನಿಸುತ್ತದೆ. ಅದು ಭಾಗಾಕಾರದ ಲೆಕ್ಕ. 50 ಮಿಲಿಮೀಟರ್ ಲೆನ್ಸಿಗೆ ಎಫ್ 2 ಎಂದರೆ 25 ಮಿಲಿಮೀಟರ್ ಅಗಲ, ಎಫ್ 10 ಎಂದರೆ 5. ಕಿಂಡಿ ದೊಡ್ಡದಾದರೆ ಕುಶಲಕರ್ಮಿಯ ಮುಖ ಸ್ಪಷ್ಟವಾಗಿ, ಹಿಂದಿನ ಗೋಡೆ ಮಸುಕಾಗುತ್ತದೆ. ಇನ್ನೊಂದು, ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ ಏರಿಸುವುದು. ಚಿತ್ರ ತರಿತರಿಯಾಗುತ್ತದೆ, ಆಗಲಿ. ಕೈ ಅಲುಗಿ ಕೆಟ್ಟ ಚಿತ್ರವನ್ನು ಸರಿಮಾಡುವುದು ಅದಕ್ಕಿಂತ ಕಷ್ಟ.

ಉಳಿದರ್ಧ ಪಾಠ ರಾಮನಗರದ ರಾಮದೇವರ ಬೆಟ್ಟದಲ್ಲಿದೆ. 2012ರಲ್ಲಿ ರಣಹದ್ದು ಧಾಮವಾದ ಈ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳ ನೆಲೆ. ಹಾರುವ ಹದ್ದಿಗೆ 1/1000 ಸರಿ. ಆದರೂ ಚಿತ್ರದಲ್ಲಿ ಅದು ಕರಿ ಮಚ್ಚೆಯಾಗಿ ಬರುತ್ತದೆ. ತಪ್ಪು ಬೆಳಕಿನ ಅಳತೆಯದು: ಎದುರಿಗಿರುವುದು ಏನೇ ಆಗಲಿ, ಅದು ಮಧ್ಯಮ ಬೂದು ಎಂದೇ ಕ್ಯಾಮೆರಾ ನಂಬುತ್ತದೆ. ಹೊಳೆಯುವ ಆಕಾಶವನ್ನು ಬೂದುಬಣ್ಣಕ್ಕೆ ಇಳಿಸುವಾಗ ಹದ್ದೂ ಕತ್ತಲಾಗುತ್ತದೆ. ಪ್ಲಸ್–ಮೈನಸ್ ಗುಂಡಿ ಇರುವುದು ಇದಕ್ಕೇ. ಪ್ಲಸ್ 1ಕ್ಕೆ ತಿರುಗಿಸಿದರೆ ಬೆಳಕು ಎರಡರಷ್ಟಾಗಿ ರೆಕ್ಕೆಯ ಕಂದು ಬಣ್ಣ ಮೂಡತೊಡಗುತ್ತದೆ.

ಗೂಡಿನ ಬಳಿ ಮಾತ್ರ ಹೋಗಬೇಡಿ, ಡ್ರೋನ್ ಹಾರಿಸಬೇಡಿ. ಈ ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.