ಹಣೆಗೆ ನೀರೋ, ನೀರಲ್ಲಿ ಮುಳುಗೋ?

ದಾದರ್ ಪಶ್ಚಿಮದಲ್ಲಿ ಇಳಿದು ಗೋಖಲೆ ರಸ್ತೆ ಹಿಡಿಯುವ ತುಳು-ಕನ್ನಡಿಗರಿಗೆ ‘ಪೋರ್ಚುಗೀಸ್ ಚರ್ಚ್’ ಗುರುತಿನ ಜಾಗ. 1596ರಷ್ಟು ಹಳೆಯದಾದ ಈ ಕೆಥೋಲಿಕ್ ಇಗರ್ಜಿಯ ಈಗಿನ ಕಟ್ಟಡವನ್ನು 1970ರ ದಶಕದಲ್ಲಿ ವಿನ್ಯಾಸಗೊಳಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಕೂಸಿನ ತಲೆಗೆ ಮೂರು ಬಾರಿ ನೀರೆರೆದು ಜ್ಞಾನಸ್ನಾನ ಕೊಡುವುದು ಕೆಥೋಲಿಕರ ರೂಢಿ.

ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳಲ್ಲಿ ಹಾಗಲ್ಲ. ತಿಳುವಳಿಕೆ ಬಂದವರು ತಾವಾಗಿಯೇ ವಿಶ್ವಾಸವನ್ನು ಅರಿಕೆ ಮಾಡಿ, ತೊಟ್ಟಿಯಲ್ಲೋ ಹೊಳೆಯಲ್ಲೋ ಪೂರ್ತಿ ಮುಳುಗಿ ಏಳಬೇಕು. ಮುಂಬಯಿಯಲ್ಲಿ ಈ ಎರಡೂ ಪದ್ಧತಿಯವರು ಒಂದೇ ಕಟ್ಟಡದಲ್ಲಿ ನೆರೆಹೊರೆಯವರು. ಮದುವೆ ಮಾತುಕತೆಯಲ್ಲಿ ‘ಇನ್ನೊಮ್ಮೆ ಮುಳುಗಬೇಕು’ ಎಂಬ ಮಾತು ಬಂದರೆ, ತಾವು ಕೊಡಿಸಿದ ದೀಕ್ಷೆ ಲೆಕ್ಕಕ್ಕಿಲ್ಲವೇ ಎಂದು ಹೆತ್ತವರು ನೊಂದುಕೊಳ್ಳುವುದು ಸಹಜ.

ಎರಡೂ ಕಡೆಗೆ ಆಧಾರವುಂಟು. ‘ಬಾಪ್ತಿಸ್ಮ’ ಶಬ್ದದ ಗ್ರೀಕ್ ಮೂಲಕ್ಕೆ ಅದ್ದುವುದು, ಮುಳುಗಿಸುವುದು ಎಂದೇ ಅರ್ಥ. ಕನ್ನಡ ಬೈಬಲಿನ ‘ದೀಕ್ಷಾಸ್ನಾನ’ದಲ್ಲೂ ಸ್ನಾನವಿದೆ. ಆದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪರಂಪರೆಯ ಸಭೆಗಳಲ್ಲಿ ಕೂಸುಗಳ ತಲೆಗೆ ನೀರು ಹಾಕುವುದನ್ನೂ ದೀಕ್ಷಾಸ್ನಾನವೆಂದೇ ಕರೆಯುತ್ತಾರೆ. 1873ರಲ್ಲಿ ಪತ್ತೆಯಾದ ‘ದಿದಖೆ’ ಎಂಬ ಆದಿಸಭೆಯ ಗ್ರಂಥದಲ್ಲಿ ಹರಿಯುವ ನೀರಿಗೆ ಮೊದಲ ಸ್ಥಾನ. ಅದಿಲ್ಲದಿದ್ದರೆ ಬೇರೆ ನೀರು. ಅದೂ ಸಾಲದಾದರೆ ತಲೆಗೆ ಮೂರು ಬಾರಿ ಎರೆದರೂ ಆದೀತೆಂದಿದೆ.

ಒಪ್ಪಂದದ ದಾರಿಯೂ ನಮ್ಮ ದೇಶದಲ್ಲೇ ಕಂಡಿದೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ (ಸಿಎನ್‌ಐ) ರೂಪುಗೊಂಡಾಗ ಆಂಗ್ಲಿಕನ್ನರ ಜತೆ ಬ್ಯಾಪ್ಟಿಸ್ಟರೂ ಸೇರಿದರು. ಶಿಶುದೀಕ್ಷೆ, ಪ್ರಾಯಕ್ಕೆ ಬಂದವರ ದೀಕ್ಷೆ ಎರಡಕ್ಕೂ ಅಲ್ಲಿ ಮಾನ್ಯತೆ ಸಿಕ್ಕಿತು. ಮುಂಬಯಿಯಲ್ಲೂ ಈ ಸಭೆಯ ಧರ್ಮಪ್ರಾಂತವಿದೆ.

ಕೆಥೋಲಿಕರ 1983ರ ಧರ್ಮಸಂಹಿತೆಯೂ ಮುಳುಗಿಸುವುದು, ನೀರೆರೆಯುವುದು ಎರಡನ್ನೂ ಒಪ್ಪುತ್ತದೆ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಸರಿಯಾಗಿ ನಡೆದ ದೀಕ್ಷೆಯನ್ನು ಅವರು ಪುನಃ ಕೊಡುವುದಿಲ್ಲ. ಪ್ರಾಯದವರ ದೀಕ್ಷೆಯೊಂದನ್ನೇ ಒಪ್ಪುವ ಸಭೆಗಳು ಮಾತ್ರ ಶಿಶುದೀಕ್ಷೆಯನ್ನು ದೀಕ್ಷೆಯೆಂದೇ ಎಣಿಸುವುದಿಲ್ಲ. ತೊಡಕು ಉಳಿದಿರುವುದು ಇಲ್ಲಿಯೇ.

ಆದ್ದರಿಂದ ಸಂಬಂಧ ಕುದುರಿಸುವ ಮನೆಯವರು ಹಾಲ್ ಗೊತ್ತು ಮಾಡುವುದಕ್ಕೆ ಮುಂಚೆ ಎರಡೂ ಸಭೆಗಳ ಗುರುಗಳನ್ನು ಕಂಡು ವಿಚಾರಿಸುವುದು ಒಳ್ಳೆಯದು. ಊರಿನ ಚರ್ಚಿನಿಂದ ದೀಕ್ಷೆಯ ಪ್ರಮಾಣಪತ್ರವನ್ನೂ ಮೊದಲೇ ತರಿಸಿಟ್ಟುಕೊಂಡರೆ ಕೊನೆಗಳಿಗೆಯ ಮನಸ್ತಾಪ ತಪ್ಪೀತು.