ಗೇಮ್ಸ್ ಮುಗಿದರೂ ಮುಗಿಯದ ದಂಧೆ

2010ರ ಅಕ್ಟೋಬರ್ 3ರಿಂದ 14ರವರೆಗೆ ದೆಹಲಿಯಲ್ಲಿ ಕಾಮನ್‌ವೆಲ್ತ್ ಗೇಮ್ಸ್ ನಡೀತು. ಗೇಮ್ಸ್ ನೆಪದಲ್ಲಿ ಹುಡುಗಿಯರನ್ನ ಲೈಂಗಿಕ ದಂಧೆಗೆ ತರ್ತಾರೆ ಅನ್ನೋ ಆತಂಕ ಆಗ ಪೇಪರ್‌ಗಳಲ್ಲಿ ಬಂದಿತ್ತು. 2006ರಲ್ಲಿ ಜರ್ಮನಿಯ ಫುಟ್‌ಬಾಲ್ ವರ್ಲ್ಡ್ ಕಪ್ಪಿಗೂ ಹೀಗೇ, 40,000 ಹೆಂಗಸರನ್ನ ತರ್ತಾರೆ ಅಂದಿದ್ರು. ಕೊನೆಗೆ ಪೊಲೀಸರಿಗೆ ಪಂದ್ಯಾವಳಿಯ ಜೊತೆ ನೇರ ಸಂಬಂಧ ಕಂಡಿದ್ದು 5 ಕೇಸುಗಳಲ್ಲಿ.

ಹಾಗಂತ ನಿರಾಳ ಆಗೋ ಹಾಗಿಲ್ಲ. ಲೋಡ್ ಜಾಸ್ತಿಯಾದಾಗ ಮಾತ್ರ ಕಾಣೋ ಬಗ್ ಅಲ್ಲ ಇದು, ವರ್ಷವಿಡೀ ಓಡೋ ಸಿಸ್ಟಮ್. ಜಿ.ಬಿ. ರೋಡ್ ಗೇಮ್ಸ್‌ಗೋಸ್ಕರ ಹುಟ್ಟಿದ್ದಲ್ಲ. ಜಾರ್ಖಂಡ್, ಪಶ್ಚಿಮ ಬಂಗಾಳ, ನೇಪಾಳದಿಂದ ಮನೆಗೆಲಸ ಅಂತಲೋ ಮದುವೆ ಅಂತಲೋ ನಂಬಿಸಿ ಕರ್ಕೊಂಡು ಬರ್ತಾರೆ. ದಾರಿಖರ್ಚು, ಊಟ, ಬಟ್ಟೆ ಎಲ್ಲಾ ಅವಳ ಹೆಸರಿಗೇ ಸಾಲ. ಅದು ತೀರೋದೇ ಇಲ್ಲ. ‘ಅವಳೇ ಒಪ್ಪಿ ಬಂದ್ಲಲ್ಲ’ ಅಂತಾರೆ ಕೆಲವರು. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್‌ನಲ್ಲಿ ಆ ಒಪ್ಪಿಗೆಗೆ ಬೆಲೆಯೇ ಇಲ್ಲ.

ನೊಯ್ಡಾ, ಗುರ್‌ಗಾಂವ್‌ನ ನಮ್ಮ ಸೊಸೈಟಿಗಳಿಗೂ ಏಜೆಂಟರೇ ಹುಡುಗಿಯರನ್ನ ಕಳಿಸ್ತಾರೆ. ಸಂಬಳ ಏಜೆಂಟ್ ಕೈಗೇ ಹೋಗ್ತಿದ್ರೆ, ಆಧಾರ್ ಅವನ ಹತ್ರಾನೇ ಇದ್ರೆ, ಊರಿಗೆ ಫೋನ್ ಮಾಡೋಕೂ ಬಿಡ್ತಿಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ. ವಯಸ್ಸು 18 ಆಗಿಲ್ಲ ಅನ್ನಿಸಿದ್ರೆ 1098. ಏಜೆಂಟನ್ನ ಮಾತ್ರ ಮೊದಲೇ ವಿಚಾರಿಸೋಕೆ ಹೋಗ್ಬೇಡಿ. ಅವನು ರಾತ್ರೋರಾತ್ರಿ ಅವಳನ್ನ ಬೇರೆ ಕಡೆ ಸಾಗಿಸ್ಬಹುದು.