ದೀಪದ ಬುಡದ ಕತ್ತಲೆ ಮತ್ತು ಟಾರ್ಚಿನ ಲೆಕ್ಕ

ಮೂರು ಫೇಸ್ ಕರೆಂಟಿನ ಪಾಳಿ ರಾತ್ರಿಗೆ ಬಂದರೆ ಆಳಂದ ಸೀಮೆಯ ಕಬ್ಬಿನ ರೈತನಿಗೆ ನಿದ್ದೆಯಿಲ್ಲ. ಮೋಟಾರು ಚಾಲೂ ಮಾಡಬೇಕು, ಒಂದು ಸಾಲು ತುಂಬುತ್ತಲೇ ಇನ್ನೊಂದಕ್ಕೆ ನೀರು ತಿರುವಬೇಕು, ಬೆಳಗಿನ ತನಕ ಬದುವಿನ ಮೇಲೆ ಹತ್ತಾರು ಸಲ ಓಡಾಡಬೇಕು. ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಪಂಪಿನ ಕಡೆಗೆ ಇಳಿಯುವವರ ಪಾಡೂ ಇದೇ. ಜೇವರ್ಗಿಯ ಎರೆ ಹೊಲಗಳಲ್ಲಿ ತೊಗರಿ ರಾಶಿಯ ಕಾಲಕ್ಕೆ ಕಾವಲು ಮಲಗುವವರಿದ್ದಾರೆ. ಅಮಾವಾಸ್ಯೆಗೆ ಘತ್ತರಗಿಗೆ, ಹುಣ್ಣಿಮೆಗೆ ಗಾಣಗಾಪುರಕ್ಕೆ ಕತ್ತಲಲ್ಲೇ ಹೆಜ್ಜೆ ಹಾಕುವ ಭಕ್ತರಿದ್ದಾರೆ.

ಇವರೆಲ್ಲರ ಕೈಯಲ್ಲಿರುವ ಸಾಧನ ಒಂದೇ. ಈ ಭಾಗದ ಮಾತಿನಲ್ಲಿ ಅದು ‘ಬ್ಯಾಟರಿ’; ಅದರೊಳಗೆ ಹಾಕುವುದು ‘ಸೆಲ್’. ಗೊಂದಲವಾಗದಿರಲೆಂದು ಇಲ್ಲಿ ಅದನ್ನು ಟಾರ್ಚ್ ಎಂದೇ ಕರೆಯೋಣ.

ಸಂತೆಯ ಅಂಗಡಿಯಲ್ಲಿ ಇಂದು ಸಾಲು ಸಾಲಾಗಿ ಎಲ್‌ಇಡಿ ಟಾರ್ಚುಗಳು ತೂಗಾಡುತ್ತವೆ. ಒಂದರ ಪೆಟ್ಟಿಗೆಯ ಮೇಲೆ ‘ಒಂದು ಲಕ್ಷ ಲ್ಯೂಮೆನ್’ ಎಂದಿದ್ದರೆ, ಇನ್ನೊಂದರ ಮೇಲೆ ‘ಎರಡು ಕಿಲೋಮೀಟರ್ ಬೆಳಕು’ ಎಂದಿರುತ್ತದೆ. ಮಗ ದೊಡ್ಡ ಸಂಖ್ಯೆಯದನ್ನು ತೋರಿಸುತ್ತಾನೆ, ಅಪ್ಪ ಕಡಿಮೆ ಬೆಲೆಯದನ್ನು ಎತ್ತಿಕೊಳ್ಳುತ್ತಾನೆ. ಎರಡೂ ಸರಿಯಾದ ಆಯ್ಕೆಯಲ್ಲ. ಸರಿಯಾದುದನ್ನು ಆರಿಸಲು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಲೆಕ್ಕವೇ ಸಾಕು.

ಕಾಲ ಬುಡದ ಅಪಾಯ

ಟಾರ್ಚ್ ಏಕೆ ಬೇಕು ಎಂಬ ಪ್ರಶ್ನೆಗೆ ಹಳ್ಳಿಯ ಮಟ್ಟಿಗೆ ಮೊದಲ ಉತ್ತರ ಹಾವು. 2000ದಿಂದ 2019ರವರೆಗಿನ ಅವಧಿಯ ಸಾವುಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಿದ್ದರು. ಅವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ: ದೇಶದಲ್ಲಿ ಹೆಚ್ಚು ಜೀವ ತೆಗೆಯುವ ಹಾವುಗಳು ಈ ನಾಲ್ಕು. ಕೊಳಕುಮಂಡಲದ ಮೈ ಕಂದು ಬಣ್ಣದ್ದು. ಒಣಗಿದ ರವದಿಯಲ್ಲಿ ಅಲುಗಾಡದೆ ಬಿದ್ದಿದ್ದರೆ ಹಗಲಿನಲ್ಲೂ ಕಾಣದು. ಅದು ಇರುವುದು ಎರಡು ಕಿಲೋಮೀಟರ್ ಆಚೆಗಲ್ಲ, ಮುಂದಿನ ಎರಡು ಹೆಜ್ಜೆಯಲ್ಲಿ. ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆ ಟಾರ್ಚಿಗೂ ಸಲ್ಲುತ್ತದೆ. ದೂರದ ಬೇವಿನ ಮರವನ್ನು ಬೆಳಗಿ ಕಾಲ ಬುಡವನ್ನು ಕತ್ತಲಲ್ಲಿಡುವ ಟಾರ್ಚ್ ಎಷ್ಟೇ ದೊಡ್ಡದಿದ್ದರೂ ರೈತನ ಕೆಲಸಕ್ಕೆ ಬಾರದು.

ತಂತಿಯಿಂದ ಡಯೋಡಿಗೆ

ಹಿಂದೆ ಮನೆಮನೆಯಲ್ಲಿದ್ದ ಸ್ಟೀಲಿನ ಟಾರ್ಚಿನೊಳಗೆ ಸಣ್ಣದೊಂದು ಬಲ್ಬು ಇರುತ್ತಿತ್ತು. ಟಂಗ್‌ಸ್ಟನ್ ತಂತಿ ಕಾದು ಬೆಳ್ಳಗಾದಾಗ ಬೆಳಕು ಬರುತ್ತಿತ್ತು. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗುತ್ತಿತ್ತು. ಒಂದು ವಾಟ್ ವಿದ್ಯುತ್ತಿಗೆ ದೊರೆಯುತ್ತಿದ್ದುದು ಸುಮಾರು 10 ಲ್ಯೂಮೆನ್ ಬೆಳಕು.

ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡ್. ಇದರಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದೊಳಗೆ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗುತ್ತದೆ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿ ತಯಾರಿಸಿದರು. ಪ್ರಖರವಾದ ನೀಲಿ ಬೆಳಕು ಮಾತ್ರ ಮೂರು ದಶಕ ಸತಾಯಿಸಿತು. ಜಪಾನಿನಲ್ಲಿ ಹುಟ್ಟಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅದನ್ನು ಸಾಧಿಸಿದರು. ನೀಲಿ ಡಯೋಡಿನ ಮೇಲೆ ಹಳದಿ ಬೆಳಕು ಸೂಸುವ ಪುಡಿಯನ್ನು ಲೇಪಿಸಿದಾಗ ನೀಲಿ, ಹಳದಿ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಇಂದಿನ ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡಬಲ್ಲದು. ಹಳೆಯ ಬಲ್ಬಿಗಿಂತ ಹತ್ತು ಪಟ್ಟು.

ಲ್ಯೂಮೆನ್ ಬೇರೆ, ದೂರ ಬೇರೆ

ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಒಂದು ಮೇಣದ ಬತ್ತಿ ಸುತ್ತಲೂ ಚೆಲ್ಲುವ ಬೆಳಕು ಸುಮಾರು 12 ಲ್ಯೂಮೆನ್. ಅದೇ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ತೀಕ್ಷ್ಣವಾಗಿದೆ ಎಂಬುದರ ಅಳತೆ ಕ್ಯಾಂಡೆಲಾ. ಕೊಡದ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಬಹುದು, ಇಲ್ಲವೆ ಪಿಚಕಾರಿಯಲ್ಲಿ ತುಂಬಿ ದೂರ ಹಾರಿಸಬಹುದು. ನೀರು ಅಷ್ಟೇ, ಹಂಚಿಕೆ ಬೇರೆ. ಆಳವಾದ ಪ್ರತಿಫಲಕವಿರುವ ಟಾರ್ಚು ಪಿಚಕಾರಿಯಂತೆ. ಅಗಲ ಬೆಳಕಿನ ಟಾರ್ಚು ಚಿಮುಕಿಸುವ ಕೈಯಂತೆ.

ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಎಫ್‌ಎಲ್ 1’ ಎಂಬ ಮಾನದಂಡದ ಪ್ರಕಾರ, ಟಾರ್ಚಿನ ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗವೇ ಅದರ ದೂರ. ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ದೂರ, ಮೀಟರುಗಳಲ್ಲಿ. 2,500 ಕ್ಯಾಂಡೆಲಾಕ್ಕೆ 100 ಮೀಟರ್; 10,000ಕ್ಕೆ 200 ಮೀಟರ್. ಎರಡು ಕಿಲೋಮೀಟರ್ ಬೇಕೆಂದರೆ 10 ಲಕ್ಷ ಕ್ಯಾಂಡೆಲಾ ಬೇಕು. ಅಂಗಿಯ ಜೇಬಿಗೆ ಹಿಡಿಸುವ ಸಾಮಾನ್ಯ ಟಾರ್ಚಿನಿಂದ ಅದು ಆಗದ ಮಾತು. ಆದರೂ ಅಷ್ಟು ದೂರದಲ್ಲಿ ಕಾಣುವುದು ಬೆಳದಿಂಗಳಿನಷ್ಟೇ.

ಸುಳ್ಳು ಹಿಡಿಯುವ ಲೆಕ್ಕ

ಚಾರ್ಜ್ ಮಾಡುವ ಟಾರ್ಚುಗಳಲ್ಲಿ ಬಹಳವಾಗಿ ಬಳಕೆಯಾಗುವ ಲಿಥಿಯಂ ಸೆಲ್ಲಿನ ಹೆಸರು 18650. ಹೆಸರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಸೆಲ್ಲಿನಲ್ಲಿ ಒಳ್ಳೆಯ ತಯಾರಕರಿಗೂ ಹಿಡಿಸಲಾಗಿರುವುದು ಸುಮಾರು 3,500 ಮಿಲಿ ಆಂಪಿಯರ್ ಗಂಟೆ. ಅದರ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದು ತಿಳಿಯಬೇಕು.

ಈಗ ಗುಣಾಕಾರ. ಸೆಲ್ಲಿನ ವೋಲ್ಟೇಜು 3.6, ಸಾಮರ್ಥ್ಯ 3 ಆಂಪಿಯರ್ ಗಂಟೆ ಎಂದರೆ ಒಟ್ಟು ಶಕ್ತಿ 10.8 ವಾಟ್ ಗಂಟೆ. ವಾಟ್‌ಗೆ 100 ಲ್ಯೂಮೆನ್ ಹಿಡಿದರೆ ಸುಮಾರು 1,000 ‘ಲ್ಯೂಮೆನ್ ಗಂಟೆ’. ಇದು ಮನೆಯ ಕಣಜವಿದ್ದಂತೆ. 100 ಲ್ಯೂಮೆನ್‌ನಂತೆ ಖರ್ಚು ಮಾಡಿದರೆ 10 ಗಂಟೆ, 200ರಂತೆ 5 ಗಂಟೆ, 1,000ದಂತೆ ಒಂದೇ ಗಂಟೆ. ಒಂದು ಲಕ್ಷ ಲ್ಯೂಮೆನ್ ನಿಜವೇ ಆಗಿದ್ದರೆ ಅದಕ್ಕೆ 1,000 ವಾಟ್ ಬೇಕು. ಕಣಜ ನಲವತ್ತು ಸೆಕೆಂಡಿನೊಳಗೆ ಬರಿದಾಗುತ್ತದೆ. ಮುಷ್ಟಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೇ ಹಿಡಿದಂತೆಯೂ ಆಗುತ್ತದೆ. ಪ್ರಕೃತಿಯ ನಿಯಮ ಜಾಹೀರಾತಿಗೆ ಬಗ್ಗುವುದಿಲ್ಲ.

‘ಎಂಟು ಗಂಟೆ ಉರಿಯುತ್ತದೆ’ ಎಂಬ ಮಾತಿನಲ್ಲೂ ಒಂದು ಮರ್ಮವಿದೆ. ಮೇಲೆ ಹೇಳಿದ ಮಾನದಂಡದಲ್ಲಿ ಬೆಳಕು ಆರಂಭದ ನೂರಕ್ಕೆ ಹತ್ತರಷ್ಟಕ್ಕೆ ಇಳಿಯುವ ತನಕದ ಹೊತ್ತೆಲ್ಲ ‘ಉರಿಯುವ ಅವಧಿ’ಯೇ. ಎಲ್‌ಇಡಿಯೂ ಬಿಸಿಯಾಗುತ್ತದೆ, ಶಾಖ ಹೊರಹೋಗಲು ಚಿಕ್ಕ ಟಾರ್ಚಿನಲ್ಲಿ ಜಾಗ ಕಡಿಮೆ. ಆದ್ದರಿಂದ ಬಹಳಷ್ಟು ಪ್ರಖರ ಟಾರ್ಚುಗಳು ಕೆಲವೇ ನಿಮಿಷಗಳಲ್ಲಿ ತಾವೇ ಬೆಳಕು ತಗ್ಗಿಸಿಕೊಳ್ಳುತ್ತವೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ‘ಗರಿಷ್ಠ ಎಷ್ಟು?’ ಎಂಬುದಲ್ಲ, ‘ನಡುವಿನ ಹಂತದಲ್ಲಿ ಎಷ್ಟು ಹೊತ್ತು?’ ಎಂಬುದು. ಬದುವಿನ ಮೇಲೆ ನಡೆಯಲು ಅಗಲವಾಗಿ ಹರಡುವ 100ರಿಂದ 200 ಲ್ಯೂಮೆನ್ ಧಾರಾಳ. ರಾತ್ರಿ ಮನೆಯೊಳಗೆ ಎದ್ದು ಓಡಾಡಲು 20 ಸಾಕು.

ಸೆಲ್, ನೀರು, ಬಣ್ಣ

ಪೆನ್ಸಿಲ್ ಸೆಲ್ ಹಾಕುವ ಟಾರ್ಚುಗಳನ್ನು ಕಡೆಗಣಿಸಬೇಕಿಲ್ಲ. ಕರೆಂಟಿಲ್ಲದ ದಿನಗಳಲ್ಲಿ ಕಿರಾಣಿ ಅಂಗಡಿಯ ಸೆಲ್ಲೇ ಆಧಾರ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳೂ ಸಿಗುತ್ತವೆ. 1.2 ವೋಲ್ಟಿನ ಅಂಥ ಎರಡು ಸೆಲ್ಲುಗಳಲ್ಲಿ ಸುಮಾರು 5 ವಾಟ್ ಗಂಟೆ ಶಕ್ತಿ ಇರುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬಾರದು. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಬೇಕು. ಇಲ್ಲದಿದ್ದರೆ ಸೋರಿದ ರಸಾಯನ ಸ್ಪ್ರಿಂಗನ್ನು ತಿಂದುಹಾಕುತ್ತದೆ. ಲಿಥಿಯಂ ಸೆಲ್ಲಾದರೆ ಐಎಸ್ 16046 ಗುರುತು ಇದೆಯೇ ನೋಡಬೇಕು. ಉಬ್ಬಿದ, ಜಜ್ಜಿಹೋದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ಬೇಸಿಗೆಯ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮೇಲೆ ಟಾರ್ಚ್ ಬಿಟ್ಟು ಹೋಗುವುದೂ ಸೆಲ್ಲಿಗೆ ಕೇಡು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಹೊಳೆ ಸಾಲಿನ ಮನೆಗಳಲ್ಲಿ ಟಾರ್ಚಿಗೆ ನೀರು ತಾಳುವ ಗುಣ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್ 4’ ಎಂದಿದ್ದರೆ ಎರಚುವ ನೀರನ್ನು ತಾಳುತ್ತದೆ. ‘ಐಪಿಎಕ್ಸ್ 7’ ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗುವುದಿಲ್ಲ. ನೀರು ಕಟ್ಟುವವನಿಗೆ ಮೊದಲನೆಯದಾದರೂ ಇರಬೇಕು, ಹೊಳೆ ದಂಡೆಯವನಿಗೆ ಎರಡನೆಯದು ಲೇಸು.

ಬೆಳಕಿನ ಬಣ್ಣವೂ ಮುಖ್ಯ. ಅಗ್ಗದ ಟಾರ್ಚುಗಳ ನೀಲಿ ಛಾಯೆಯ ಬೆಳಕು ಕಣ್ಣು ಕುಕ್ಕುವಷ್ಟು ಬಿಳಿಯಾಗಿರುತ್ತದೆ, ಆದರೆ ಅದರಲ್ಲಿ ಕೆಂಪಿನ ಪಾಲು ಕಡಿಮೆ. ಕಂದು ಎಲೆ, ಕಂದು ಹಾವು, ಕಪ್ಪು ಮಣ್ಣು ಎಲ್ಲವೂ ಒಂದೇ ಬೂದಿಯಂತೆ ಕಾಣುತ್ತವೆ. ಬಣ್ಣ ನಿಖರವಾಗಿ ತೋರುವ ಗುಣಕ್ಕೆ ‘ಸಿಆರ್‌ಐ’ ಎಂಬ ಸೂಚ್ಯಂಕವಿದೆ. ಸೂರ್ಯನ ಬೆಳಕಿಗೆ 100. ಟಾರ್ಚಿಗೆ 80ಕ್ಕಿಂತ ಮೇಲಿದ್ದರೆ ಒಳ್ಳೆಯದು, 90 ಇದ್ದರೆ ಉತ್ತಮ. ಅದಕ್ಕಾಗಿ ಲ್ಯೂಮೆನ್ ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ.

ಯಾರಿಗೆ ಯಾವುದು?

ಸಲಿಕೆ ಹಿಡಿದು ನೀರು ತಿರುವುವವನಿಗೆ ತಲೆಗೆ ಕಟ್ಟುವ ಟಾರ್ಚು ಅನುಕೂಲ. ಎರಡು ಕೈಯೂ ಬಿಡುವಾಗುತ್ತವೆ. ಆದರೆ ದಾರಿ ನಡೆಯುವಾಗ ಕೈಯ ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿಯುವುದೇ ಮೇಲು. ಬೆಳಕು ಓರೆಯಾಗಿ ಬಿದ್ದಾಗ ಕಲ್ಲು, ಕೊರಕಲು, ಹಾವಿನ ಮೈ ಎಲ್ಲಕ್ಕೂ ನೆರಳು ಮೂಡಿ ಉಬ್ಬುತಗ್ಗು ಎದ್ದು ಕಾಣುತ್ತದೆ. ಹಣೆಯ ಮೇಲಿನ ಬೆಳಕು ಕಣ್ಣಿನ ನೇರದಿಂದಲೇ ಹೊರಡುವುದರಿಂದ ನೆರಳು ವಸ್ತುವಿನ ಹಿಂದೆ ಅಡಗಿಬಿಡುತ್ತದೆ.

ಶಾಲೆಯ ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ ಒಂದೇ ಗುಂಡಿಯ, ಎರಡು ಮೂರು ಹಂತದ ಬೆಳಕಿನ ಟಾರ್ಚು ಸಾಕು. ಮಿಣಮಿಣ ಮಿನುಗುವ ಹತ್ತು ಬಗೆಯ ಆಟ ಕತ್ತಲಲ್ಲಿ ಕಿರಿಕಿರಿಯೇ. ಯಾರ ಕಣ್ಣಿಗೂ ಟಾರ್ಚ್ ಬಿಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ಕತ್ತಲಿಗೆ ಹೊಂದಿಕೊಂಡ ಕಣ್ಣು ಪ್ರಖರ ಬೆಳಕು ಬಿದ್ದು ಹಾಳಾದರೆ ಪೂರ್ತಿ ಹೊಂದಿಕೊಳ್ಳಲು ಮತ್ತೆ ಅರ್ಧ ಗಂಟೆಯಷ್ಟು ಬೇಕಾಗುತ್ತದೆ.

‘ಮೊಬೈಲಿನಲ್ಲೇ ಬೆಳಕಿದೆಯಲ್ಲ?’ ಎಂದು ಹುಡುಗರು ಕೇಳುತ್ತಾರೆ. ಆದರೆ ಹೊಲದಲ್ಲಿ ಅನಾಹುತವಾದಾಗ 108ಕ್ಕೆ ಕರೆ ಮಾಡಬೇಕಾದುದು ಆ ಮೊಬೈಲಿನಿಂದಲೇ. ಅದರ ಚಾರ್ಜನ್ನು ದಾರಿ ನೋಡಲು ಸುಟ್ಟುಕೊಂಡರೆ ಆಪತ್ತಿಗೆ ಏನೂ ಉಳಿಯದು.

ಹಾಗೆಂದು ಟಾರ್ಚೊಂದೇ ರಕ್ಷೆಯಲ್ಲ. ಕಾಲಿಗೆ ಬೂಟು, ಕೈಗೆ ಬಡಿಗೆ, ಮಲಗಲು ಹೊರಸು, ಹಾಸಿಗೆಯ ಕೆಳಗೆ ಒತ್ತಿ ಸಿಕ್ಕಿಸಿದ ಸೊಳ್ಳೆಪರದೆ ಇರಬೇಕು. ಕಟ್ಟುಹಾವು ಮಲಗಿದವರನ್ನೇ ಕಚ್ಚುವುದು ಹೆಚ್ಚು. ನೋವೂ ಅಷ್ಟಾಗಿ ತಿಳಿಯದು. ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಇರುವುದು ಅಲ್ಲಿ.

ಅಂಗಳದ ಪರೀಕ್ಷೆ

ಟಾರ್ಚ್ ತಂದ ದಿನ ಮಕ್ಕಳು ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಒಂದು: ಗೋಡೆಯಿಂದ ಒಂದು ಮೀಟರ್ ದೂರ ನಿಂತು ಬೆಳಕಿನ ವೃತ್ತದ ಅಗಲ ಅಳೆಯುವುದು, ಆಮೇಲೆ ಎರಡು ಮೀಟರಿನಿಂದ ಅಳೆಯುವುದು. ಅಗಲ ಸುಮಾರು ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟಾದರೆ ವಿಲೋಮ ವರ್ಗದ ನಿಯಮ ಕಣ್ಣೆದುರೇ ಸಿದ್ಧವಾದಂತೆ. ಎರಡು: ಪೂರ್ತಿ ಚಾರ್ಜ್ ಮಾಡಿ ನಡುವಿನ ಹಂತದಲ್ಲಿ ಹಚ್ಚಿಟ್ಟು, ಮೂರು ಮೀಟರ್ ದೂರದಲ್ಲಿಟ್ಟ ಪಾಠಪುಸ್ತಕವನ್ನು ಆ ಬೆಳಕಿನಲ್ಲಿ ಅರ್ಧರ್ಧ ಗಂಟೆಗೊಮ್ಮೆ ಓದಿ ನೋಡುವುದು. ಅಕ್ಷರ ಮಸುಕಾದ ಹೊತ್ತನ್ನು ಬರೆದಿಡಬೇಕು. ಪೆಟ್ಟಿಗೆಯ ಮಾತಿಗಿಂತ ಅದು ನಂಬಿಕೆಗೆ ಅರ್ಹ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಂಗಳದಲ್ಲಿ ಒಣ ಎಲೆ ಹರಡಿ, ಅದರ ನಡುವೆ ಕಂದು ಬಣ್ಣದ ಹಳೆಯ ಹಗ್ಗದ ತುಂಡೊಂದನ್ನು ಅಪ್ಪ ಇಡಲಿ. ಕತ್ತಲಾದ ಮೇಲೆ ಮಗಳೋ ಮಗನೋ ಟಾರ್ಚ್ ಹಿಡಿದು ನಡೆದು ಬರಲಿ. ಎಷ್ಟು ಹೆಜ್ಜೆ ದೂರದಲ್ಲಿ ಹಗ್ಗ ಕಂಡಿತೆಂದು ಎಣಿಸಬೇಕು. ನಾಲ್ಕೈದು ಹೆಜ್ಜೆ ಮೊದಲೇ ಕಂಡರೆ ಆ ಟಾರ್ಚು ಮನೆಯಲ್ಲಿ ಉಳಿಯಲು ಯೋಗ್ಯ. ತುಳಿದ ಮೇಲೆ ಕಂಡರೆ ಮರುದಿನವೇ ಅಂಗಡಿಗೆ ಹಿಂತಿರುಗಿಸುವುದು ಲೇಸು.

ಹಗ್ಗವನ್ನು ಹಾವೆಂದು ಕಾಣುವುದು ವೇದಾಂತಿಗಳು ಹೇಳುವ ಭ್ರಮೆ. ಬೆಳಕು ತಂದರೆ ಅದು ತೊಲಗುತ್ತದೆ. ಹಾವನ್ನು ಹಗ್ಗವೆಂದು ಕಾಣುವುದು ಹೊಲದಲ್ಲಿ ನಡೆಯುವವನ ಪ್ರಾಣಾಪಾಯ. ಅದಕ್ಕೂ ಬೇಕಾದುದು ಬೆಳಕೇ. ಆ ಬೆಳಕು ಆಕಾಶಕ್ಕೆ ಮುಟ್ಟಬೇಕಿಲ್ಲ, ಮುಂದಿನ ಐದು ಹೆಜ್ಜೆಗೆ ಮುಟ್ಟಿದರೆ ಸಾಕು, ಬೆಳಗಾಗುವ ತನಕ ಉಳಿದರೆ ಸಾಕು.